ತುರುಬಿನಲ್ಲಿ ಬಚ್ಚಿಟ್ಟ ಪೆನ್ಸಿಲ್

ಇಪ್ಪತ್ತು ವರ್ಷ ಏಳನೇ ತರಗತಿಗೆ ಗಣಿತ ಹೇಳಿಕೊಟ್ಟವಳನ್ನು ತಂದು ಎಲ್‌ಕೆಜಿಗೆ ಹಾಕಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ ಹೇಳಿ! ನಂಜನಗೂಡಿನ ನಮ್ಮ ಚರ್ಚ್ ಶಾಲೆಯ ಮುಖ್ಯಸ್ಥೆ ಸಿಸ್ಟರ್, "ಈ ವರ್ಷ ಪುಟಾಣಿಗಳನ್ನು ನೀವೇ ನೋಡಿಕೊಳ್ಳಿ" ಎಂದಾಗ ನನ್ನ ಮುಖ ಸುಟ್ಟ ಬದನೆಕಾಯಿ ಆಗಿತ್ತಂತೆ. ಅದರ ಮೇಲೆ ಒಂದು ಕಟ್ಟಪ್ಪಣೆ ಬೇರೆ. ದಸರಾ ರಜೆಯವರೆಗೆ ಯಾವ ಮಗುವಿನ ಕೈಗೂ ಪೆನ್ಸಿಲ್ ಕೊಡುವಂತಿಲ್ಲ.

"ಮೊದಲು ಬೆರಳಿಗೆ ಶಕ್ತಿ ಬರಲಿ. ಅಕ್ಷರ ಎಲ್ಲಿಗೂ ಓಡಿಹೋಗಲ್ಲ," ಎಂದರು ಸಿಸ್ಟರ್.

ಸರಿ, ಶುರುವಾಯಿತು ನನ್ನ ಗ್ರಹಚಾರ. ಬೆಳಿಗ್ಗೆ ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದ ಮಕ್ಕಳು ಯೇಸುವಿಗೆ ಕೈಮುಗಿದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಪಕ್ಕದವರ ಟಿಫನ್ ಡಬ್ಬಿ ನೋಡುತ್ತಾ ಪ್ರಾರ್ಥನೆ ಮುಗಿಸುತ್ತಿದ್ದರು. ಆಮೇಲೆ ಚಿಪ್ಪಿನಲ್ಲಿ ರಾಗಿ ಅಳೆಯುವುದು, ಬಟ್ಟೆ ಕ್ಲಿಪ್ಪು ಸಿಕ್ಕಿಸುವುದು, ಮರಳು ತುಂಬಿದ ತಟ್ಟೆಯಲ್ಲಿ ಬೆರಳಾಡಿಸುವುದು. ಬಿ.ಎಡ್. ಮಾಡಿಕೊಂಡು ರಾಗಿ ಅಳೆಯೋ ಹಣೆಬರಹ ನೋಡು ಅಂತ ದಿನಾ ಗೊಣಗುತ್ತಿದ್ದೆ.

ಆ ಮರಳಿನ ತಟ್ಟೆಗೆ ಅಂಟಿಕೊಂಡೇ ಇದ್ದವಳು ಹತ್ತಿರದ ಹೆಡತಲೆ ಊರಿನಿಂದ ಬರುತ್ತಿದ್ದ ಒಂದು ಹುಡುಗಿ. ದಿನಾ ತಾತನ ಮೊಪೆಡ್ಡಿನಲ್ಲಿ ಬರುತ್ತಿದ್ದಳು. ಒಂದು ದಿನ ಮರಳಲ್ಲಿ ಉದ್ದಕ್ಕೆ ಡೊಂಕು ಗೆರೆ ಎಳೆದು, "ಇದು ತಾತನ್ ಗಾಡಿ ಸದ್ದು," ಎಂದಳು.

"ಸದ್ದಿಗೆ ಆಕಾರ ಇರುತ್ತೇನೇ?" ಎಂದೆ.

"ಇರ್ತದೆ ಮೇಡಂ. ಏರಲ್ಲಿ ದಪ್ಪಕ್ ಆಯ್ತದೆ."

ನೋಡಿದರೆ, ಅವಳು ಏರು ಅಂತ ತೋರಿಸಿದ ಕಡೆ ಗೆರೆ ದಪ್ಪಗೇ ಇತ್ತು. ನಗು ಬಂತು, ಆದರೂ ತೋರಿಸಿಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ಅವಳ ತಾತ ಮೊಬೈಲ್ ಹಿಡಿದುಕೊಂಡು ನೇರ ನನ್ನ ಕೋಣೆಗೇ ಬಂದರು. ಪಕ್ಕದ ಮನೆಯ ಹುಡುಗ ಟಿ. ನರಸೀಪುರದ ಯಾವುದೋ ಕಾನ್ವೆಂಟಿಗೆ ಹೋಗುತ್ತಾನಂತೆ. ಅವನು ಗೋಡೆ ತುಂಬ ಎಬಿಸಿಡಿ ಬರೆದಿದ್ದ ವಿಡಿಯೋ ತೋರಿಸಿದರು.

"ನಮ್ ಕೂಸ್ನ ಏನ್ ಕಲ್ತೆ ಅಂದ್ರೆ ಮಣ್ಣಾಟ ಅಂತದೆ. ಮಣ್ಣಾಡಕ್ಕೆ ಇಲ್ಲೀಗಂಟ ಯಾಕ್ ಬರ್ಬೇಕವ್ವ? ನಮ್ ಒಲ್ದಲ್ಲೇ ಎರಡೆಕ್ರೆ ಅದೆ. ದಸರಾ ಒಳ್ಗೆ ತನ್ನೆಸ್ರು ಬರೀನಿಲ್ಲ ಅಂದ್ರೆ ನರಸೀಪುರಕ್ಕೆ ಸೇರ್ಸ್‌ಬುಡ್ತೀನಿ."

ಅವಳು ಹೋಗಿಬಿಟ್ಟರೆ? ಆ ಹುಡುಗಿಯನ್ನು ಕಳಿಸುವುದಕ್ಕೆ ನನಗೆ ಸುತರಾಂ ಮನಸ್ಸಿರಲಿಲ್ಲ. ಹಾಗಾಗಿ ಕಳ್ಳತನಕ್ಕೆ ಇಳಿದೆ. ಪೆನ್ಸಿಲನ್ನು ತುರುಬಿನಲ್ಲಿ ಬಚ್ಚಿಟ್ಟುಕೊಂಡು, ಊಟವಾದ ಮೇಲೆ ಉಳಿದ ಮಕ್ಕಳು ಚಾಪೆಯ ಮೇಲೆ ಮಲಗಿದಾಗ ಅವಳನ್ನು ಬೀರುವಿನ ಹಿಂದೆ ಕೂರಿಸಿಕೊಳ್ಳುತ್ತಿದ್ದೆ. ಅವಳ ಕೈ ಹಿಡಿದು ಅವಳ ಹೆಸರಿನ ಮೂರಕ್ಷರ ತಿದ್ದಿಸುವುದು, ಹೊರಗೆ ಹೆಜ್ಜೆ ಸದ್ದಾದರೆ ಪೆನ್ಸಿಲ್ ಮತ್ತೆ ತುರುಬಿಗೆ. "ಶ್! ಬೇಗ! ತಪ್ಪಾಯ್ತು, ಅಳಿಸು!" ಅಂತ ಪಿಸುಗುಟ್ಟಿ ಪಿಸುಗುಟ್ಟಿ ನನ್ನ ಗಂಟಲೇ ಕಟ್ಟಿಹೋಯಿತು.

ಮೂರು ವಾರದಲ್ಲಿ ಹೆಸರು ಬಂತು. ತಾತ ಅವಳು ಹೆಸರು ಬರೆದ ಹಾಳೆಯನ್ನು ಮಡಚಿ ಅಂಗಿ ಜೇಬಿಗಿಟ್ಟುಕೊಂಡು, "ಗೆದ್ಬುಟ್ಟೆ ಕಣವ್ವ," ಎಂದು ನನಗೇ ಕೈಮುಗಿದರು. ನಾನು ಬೀಗಿದೆ, ಸುಳ್ಳೇಕೆ ಹೇಳಲಿ.

ಮಾರನೇ ದಿನ ಹುಡುಗಿ ಮರಳಿನ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು. ಏನಾದರೂ ಬರಿಯೇ ಎಂದೆ. ಬಲಗೈಯನ್ನು ನನ್ನ ಕಡೆ ಚಾಚಿ, "ಇಡ್ಕಳಿ ಮೇಡಂ," ಎಂದಳು.

"ನೀನೇ ಬರಿ."

"ತಪ್ಪಾಯ್ತದೆ."

ನಾಲ್ಕು ದಿನ ಕಾದೆ. ಬೆರಳನ್ನು ಮರಳಿನವರೆಗೆ ತರುವಳು, ನನ್ನ ಮುಖ ನೋಡುವಳು, ಹಿಂದಕ್ಕೆಳೆದುಕೊಳ್ಳುವಳು. ಅಯ್ಯೋ ಪಾಪಿ, ಎಂಥಾ ಕೆಲಸ ಮಾಡಿದೆ ಅಂತ ನನ್ನನ್ನು ನಾನೇ ಬೈದುಕೊಂಡು, ಸಿಸ್ಟರ್ ಹತ್ತಿರ ಹೋಗಿ ತುರುಬಿನಿಂದ ಪೆನ್ಸಿಲ್ ಕಿತ್ತು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಸಿಸ್ಟರ್ ಮುಖ ಕೆಂಪಾಯಿತು. "ಕೆಡಿಸಿದವರೇ ಸರಿ ಮಾಡಿ. ಆ ಮಗುವಿನ ತಾತನಿಗೂ ನೀವೇ ಹೇಳಿ," ಎಂದಷ್ಟೇ ಹೇಳಿದರು.

ತಾತನಿಗೂ ಹೇಳಿದೆ. ಅವರು ಬೈಯಲಿಲ್ಲ. "ಮನೇಲೂ ಅಂಗೇ ಮಾಡ್ತದೆ. ಅನ್ನ ಕಲ್ಸಕ್ಕೂ ಕೈ ಇಡ್ಕೊ ತಾತ ಅಂತದೆ. ನಾನು ಕೊಬ್ಬು ಅನ್ಕಂಡಿದ್ದೆ," ಎಂದರು. ಆಮೇಲೆ, "ಎಂಟ್ ದಿನ ನೋಡ್ತೀನಿ ಕಣವ್ವ. ಸರಿ ಓಗ್ನಿಲ್ಲ ಅಂದ್ರೆ ಇಲ್ಲಿಂದ ಬುಡಿಸ್ಬುಡ್ತೀನಿ," ಎಂದು ಮೊಪೆಡ್ ಹತ್ತಿದರು.

ಏಳು ದಿನ ಮಾಡಬಾರದ ಸರ್ಕಸ್ ಎಲ್ಲ ಮಾಡಿದೆ. ಮುದ್ದು ಮಾಡಿದೆ, ಹಾಡು ಹೇಳಿದೆ, ಕೋಳಿಯಂತೆ ಕೂಗಿ ಉಳಿದ ಮಕ್ಕಳನ್ನೆಲ್ಲ ಉರುಳಾಡಿ ನಗುವಂತೆ ಮಾಡಿದೆ. ಅವಳು ಮಾತ್ರ ಕೈ ಚಾಚಿಕೊಂಡೇ ಕೂತಿದ್ದಳು.

ಎಂಟನೇ ದಿನ ಶಾಲೆ ಬಿಡುವ ಹೊತ್ತಿಗೆ ಬೇರೆ ಏನೂ ತೋಚದೆ, ಅವಳ ಪಕ್ಕದಲ್ಲಿ ನೆಲಕ್ಕೆ ಕೂತು ನನ್ನ ಕೈಯನ್ನೇ ಅವಳಿಗೆ ಕೊಟ್ಟೆ. "ನನಗೆ ನಿಮ್ಮ ಮನೆ ಬರೆಯೋಕೆ ಬರಲ್ಲ ಕಣೇ. ನೀನೇ ತಿದ್ದಿಸು."

ಅನುಮಾನದಿಂದ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ನನ್ನ ತೋರುಬೆರಳು ಹಿಡಿದು ಮರಳಿಗೆ ಒತ್ತಿದಳು. ಅಷ್ಟರಲ್ಲಿ ತಾತ ಬಾಗಿಲಿಗೆ ಬಂದರು. ನಿಲ್ಲಿ ಎಂದು ಎಡಗೈ ಎತ್ತಿದೆ.

"ಬಿಗಿ ಇಡಿಬ್ಯಾಡಿ ಮೇಡಂ," ಎಂದಳು. ಸಡಿಲ ಬಿಟ್ಟೆ. ಚಾಕ್ ಹಿಡಿದು ಹಿಡಿದು ಮರಗಟ್ಟಿದ ಬೆರಳು ಎಲ್ಲಿ ಸಡಿಲವಾಗುತ್ತೆ! ಗೋಡೆ ಸೊಟ್ಟಗಾಯಿತು. ಇನ್ನೊಂದು ಸಲ ಎಳೆಸಿದಳು. ಮತ್ತೂ ಸೊಟ್ಟ. ಹುಡುಗಿಗೆ ರೇಗಿಹೋಯಿತು. ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ನಿಮ್ಗೆ ಬರಕಿಲ್ಲ. ಬುಡಿ ಅತ್ತಗೆ, ನಾನೇ ಬರೀತೀನಿ."

ಬಗ್ಗಿ ಸರಸರನೆ ಎಳೆದೇ ಎಳೆದಳು. ಒಂದು ಸಲವೂ ನನ್ನ ಮುಖ ನೋಡಲಿಲ್ಲ. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ, ಸೆರಗಿನಿಂದ ಒರೆಸಿಕೊಂಡೆ. ಬಾಗಿಲಲ್ಲಿ ತಾತ ಜೋರಾಗಿ ನಕ್ಕರು.

"ಸಾಕ್ ಬುಡವ್ವ. ನರಸೀಪುರ ಅಲ್ಲೇ ಇರ್ಲಿ."