ನಾಲೆ ಪಕ್ಕದ ಮನೆಯ ಹಿಂದಿನ ಕಿಟಕಿ

ನಿನ್ನೆ ಮಗಳು ಕಂಪ್ಯೂಟರಿನಲ್ಲಿ ನನ್ನಿಂದ ಒಂದು ಪುಟ್ಟ ದೆವ್ವದ ಆಟ ಆಡಿಸಿದಳು. ಪಾಳುಮನೆಯೊಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಬರಬೇಕು. ಕಿಟಕಿಯ ಸರಳುಗಳ ಹಿಂದೆ ಒಂದು ಕೈ ಕಂಡದ್ದೇ ನಾನು ಮೌಸ್ ಬಿಟ್ಟುಬಿಟ್ಟೆ.

ಚಿಕ್ಕಂದಿನಲ್ಲಿ ನಮ್ಮೂರು ಅರಕೆರೆಯಲ್ಲಿ ನಾವು ಹುಡುಗಿಯರೂ ಇಂಥದೇ ಆಟ ಆಡುತ್ತಿದ್ದೆವು. ನಾಲೆ ಪಕ್ಕದ ದೊಡ್ಡ ಹೆಂಚಿನ ಮನೆಯ ಹಿತ್ತಿಲ ಕೋಣೆಯಲ್ಲಿ ದೆವ್ವವಿದೆಯೆಂದು ದೊಡ್ಡವರೇ ಹೇಳಿದ್ದರು. ಅದರ ಕಿಟಕಿ ಮುಟ್ಟಿ ಓಡಿಬಂದವಳು ಗೆದ್ದಂತೆ. ಒಂದು ಮಧ್ಯಾಹ್ನ ನನ್ನ ಸರದಿ ಬಂತು. ಸರಳು ಮುಟ್ಟಿದೊಡನೆ ಒಳಗಿನಿಂದ ಬಡಕಲು ಕೈಯೊಂದು ನನ್ನ ಮಣಿಕಟ್ಟು ಹಿಡಿಯಿತು.

"ಒಂಚೂರು ನೀರು ಕೊಡವ್ವ," ಎಂದಿತು ಹೆಣ್ಣುದನಿ.

ಕಿರುಚಿ, ಕೊಸರಿಕೊಂಡು ಮನೆಗೆ ಓಡಿ ನಡೆದದ್ದು ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅವ್ವ ತಲೆಯೆತ್ತಲಿಲ್ಲ.

"ಅದು ದೆವ್ವ ಅಲ್ಲ ಕಣೆ. ಅವ್ರ ಮನೆ ಸೊಸೆ ಜಯಮ್ಮ. ತಲೆ ಕೆಟ್ಟೈತೆ ಅಂತ ಕೂಡಾಕವ್ರೆ. ದೊಡ್ಡೋರ ಮನೆ ಇಸ್ಯ ನಮಗ್ಯಾಕೆ? ಬಾಯ್ಮುಚ್ಕೊಂಡಿರು."

ಊರಿಗೆಲ್ಲ ಗೊತ್ತಿತ್ತು. ಈಗ ನನಗೂ ಗೊತ್ತಾಯಿತು. ಆದರೂ ಗೆಳತಿಯರ ಮುಂದೆ, ದೆವ್ವ ನನ್ನ ಕೈ ಹಿಡಿಯಿತೆಂದೇ ಹೇಳಿಕೊಂಡು ಒಂದು ವಾರ ಮೆರೆದೆ. ಆ ಕಿಟಕಿಗೆ ಒಂದು ಚೊಂಬು ನೀರು ಮಾತ್ರ ಒಯ್ಯಲಿಲ್ಲ.

ಆ ಬೇಸಿಗೆ ಮುಗಿಯುವ ಮೊದಲೇ ಜಯಮ್ಮ ಸತ್ತಳು. ತಿಥಿಗೆ ಊರನ್ನೆಲ್ಲ ಕರೆದರು. ಪಾಯಸ ಚೆನ್ನಾಗಿದೆಯೆಂದು ಅವ್ವ ಎರಡನೇ ಸಲ ಹಾಕಿಸಿಕೊಂಡಳು. ನಾನೂ ಉಂಡೆ.

"ಅಷ್ಟೊಂದು ಭಯ ಆಯ್ತಾ ಅಮ್ಮ?" ಎಂದು ನಿನ್ನೆ ನಾನು ಮೌಸ್ ಬಿಟ್ಟಾಗ ಮಗಳು ನಕ್ಕಳು. ಹೌದೆಂದೆ. ಜಯಮ್ಮನ ವಿಷಯ ಅವಳಿಗೂ ಹೇಳಲಿಲ್ಲ.