ಸುಮತಿಯಕ್ಕ ಕೆಡಿಸದ ಕಂಪ್ಯೂಟರ್

ಸುಮತಿಯಕ್ಕ, ಆ ಕಂಪ್ಯೂಟರ್ ಕೆಟ್ಟದ್ದು ನಿಮ್ಮಿಂದಲ್ಲ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿಮ್ಮ ಮೇಲೆ ಹಾಕಿದೆ.

ಕಾರ್ಕಳದ ಆ ಪ್ರಿಂಟಿಂಗ್ ಪ್ರೆಸ್ಸಿಗೆ ಕಂಪ್ಯೂಟರ್ ಜೋಡಿಸಿ ಕೊಟ್ಟವನು ನಾನೇ. ನೀವು ಅದರಲ್ಲಿ ಮದುವೆ ಕಾಗದ ತಯಾರಿಸುತ್ತಿದ್ದಿರಿ. ದೊಡ್ಡ ಫೋಟೊ ತೆರೆದ ಕೂಡಲೇ ಪರದೆ ನೀಲಿಯಾಗಿ, ಎಲ್ಲ ಆರಿ, ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ಅಂದು ಬಜಗೋಳಿಯಿಂದ ಬಂದಿದ್ದ ಗಿರಾಕಿಗಳ ಮದುವೆ ಕಾಗದ ಅರ್ಧದಲ್ಲೇ ಅಳಿಸಿಹೋಯಿತು — ಅವರು ಎದುರಿನ ಬೆಂಚಿನಲ್ಲಿ ಕಾಯುತ್ತಾ ಕುಳಿತಿರುವಾಗಲೇ. ಯಜಮಾನರು ನನ್ನನ್ನು ಕರೆಸಿದರು.

ನೋಡಿದೆ. ಎರಡು ಫೋಟೊ ತೆರೆಯುವಷ್ಟರಲ್ಲಿ ಮೆಮೊರಿ ತುಂಬಿಹೋಗುತ್ತಿತ್ತು. ಮುಂದಿನ ಕೆಲಸಕ್ಕೆ ಜಾಗವೇ ಉಳಿಯದೆ ಇಡೀ ಸಿಸ್ಟಮ್ ನಿಂತುಹೋಗುತ್ತಿತ್ತು. ಮೆಮೊರಿ ಹೆಚ್ಚಿಸುವ ಇನ್ನೊಂದು ರ್ಯಾಮ್ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ಮೆಮೊರಿ ಸಾಕು ಎಂದು ಯಜಮಾನರಿಗೆ ಭರವಸೆ ಕೊಟ್ಟವನೂ ನಾನೇ. ಅವರ ಮುಂದೆ ಸಣ್ಣವನಾಗಲು — ನನ್ನಿಂದ ಆಗಲಿಲ್ಲ.

"ಕಂಡಕಂಡವರ ಪೆನ್‌ಡ್ರೈವ್ ಹಾಕಿದರೆ ವೈರಸ್ ಬಂದು ಹೀಗೇ ಆಗುವುದು" ಎಂದೆ.

ನೀವು ನನ್ನ ಮುಖ ನೋಡಿದಿರಿ. ಮರುದಿನ ನಿಮ್ಮನ್ನು ಕೆಲಸದಿಂದ ಬಿಡಿಸಿದರು.

ಅದಕ್ಕಿಂತ ಕೆಟ್ಟದ್ದು ಆಮೇಲಿನದು. ನೀವು ಹೋದ ಬಳಿಕ ಸರ್ವಿಸ್ ಮಾಡುವ ನೆಪದಲ್ಲಿ ಹೋಗಿ, ಯಾರಿಗೂ ಹೇಳದೆ ಮೆಮೊರಿ ಹೆಚ್ಚಿಸಿದೆ. ಕಂಪ್ಯೂಟರ್ ಮತ್ತೆ ಕೈಕೊಡಲಿಲ್ಲ.

"ನೋಡು, ಅವಳು ಹೋದ ಮೇಲೆ ಎಂತ ತೊಂದರೆಯೂ ಇಲ್ಲ, ಅಲ್ವಾ?" ಎಂದರು ಯಜಮಾನರು.

ನಾನು — ಹೌದೆಂದು ತಲೆಯಾಡಿಸಿದೆ.

ವರ್ಷಗಳು ಕಳೆದವು. ಮೊನ್ನೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. ಕಾಪುವಿನಲ್ಲಿ ತಂಗಿಯ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದೇನೆ ಎಂದಿರಿ. "ಬಿಲ್ಲಿಗೆ ಕಂಪ್ಯೂಟರ್ ಉಂಟು. ನಾನು ಮುಟ್ಟುವುದಿಲ್ಲ. ನನ್ನ ಕೈ ತಾಗಿದರೆ ಹಾಳಾಗ್ತದೆ" ಎಂದು ನಕ್ಕಿರಿ. ಆಮೇಲೆ ನಗು ನಿಂತಿತು. "ಆವತ್ತು ನಾನು ಎಂತ ತಪ್ಪು ಮಾಡಿದ್ದು ಮಾರಾಯ? ನಿನಗೆ ಗೊತ್ತುಂಟಲ್ವಾ?"

"ನೆನಪಿಲ್ಲ ಅಕ್ಕ" ಎಂದು ಎದುರಿಗೆ ನಿಂತಿದ್ದ ಬಸ್ಸು ಹತ್ತಿದೆ. ಅದು ಮಣಿಪಾಲದ ಬಸ್ಸು. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಉಣ್ಣುವಾಗಲೂ ನಿಮ್ಮ ಆ ಪ್ರಶ್ನೆ — ನೀವು ಇಷ್ಟು ಕಾಲ ನಿಮ್ಮನ್ನೇ ಅನುಮಾನಿಸಿಕೊಂಡು… ಇವತ್ತು ಬೆಳಿಗ್ಗೆ ಪ್ರೆಸ್ಸಿಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. "ಈಗ ಎಂತಕ್ಕೆ ಅದೆಲ್ಲ? ಹಳೇ ಕಥೆ" ಎಂದು ಅವರು ತಮ್ಮ ಕೆಲಸಕ್ಕೆ ತಿರುಗಿದರು.

ಅವರಿಗೆ ಹಳೆಯದಾಗಿರಬಹುದು.

ನಾಳೆ ಕಾಪುವಿಗೆ ಬರುತ್ತೇನೆ, ಅಕ್ಕ. ಇಲ್ಲಿ ಬರೆದದ್ದನ್ನು ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ಬಾಯಿ ಬಿಟ್ಟು ಹೇಳುತ್ತೇನೆ. ಆಮೇಲೆ ನೀವು ಏನೆಂದರೂ — ಕೇಳಿಕೊಂಡು ನಿಲ್ಲುತ್ತೇನೆ.