ಗುಡ್ಡಕ್ಕೆ ಹೋದ ಬೇವಿನ ಪೆಟ್ಟಿಗೆ

ನಮ್ಮಜ್ಜಿ ಪೆನ್ಸಿಲನ್ನು ಹಿಡಿಯುತ್ತಿದ್ದುದು ನೇಗಿಲನ್ನು ಹಿಡಿದಂತೆ. ಅರವತ್ತು ದಾಟಿದ ಮೇಲೆ ಅಜ್ಜಂಪುರದ ನಮ್ಮ ಬೀದಿಯಲ್ಲೇ ನಡೆದ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು ಅವರು. ಕಲಿತದ್ದು ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯಕ್ಕೆ ಒಂದೊಂದು ಅಕ್ಷರವನ್ನೂ ಹಾಳೆಯೊಳಕ್ಕೆ ಒತ್ತಿ ಒತ್ತಿ ಬರೆಯುತ್ತಿದ್ದರು. ಅವರ ಪತ್ರವನ್ನು ತಿರುವಿ ಹಿಂಬದಿಯನ್ನು ಸವರಿ ನೋಡಿ: ಉತ್ತ ಹೊಲದ ಸಾಲುಗಳಂತೆ ಅಕ್ಷರಗಳು ಬೆರಳಿಗೆ ತಾಗುತ್ತವೆ. ಹೀಗೆ ಅವರು ತಮ್ಮ ಕಿರಿಯ ಮಗಳಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಸಾಯುವುದರೊಳಗೆ ಬರೆದ ಪತ್ರಗಳು ಒಟ್ಟು ಹದಿನಾಲ್ಕು.

ಚಿಕ್ಕಮ್ಮ ಕೆಮ್ಮಣ್ಣುಗುಂಡಿಯ ತೋಟದಲ್ಲಿ ಗುಲಾಬಿ ಗಿಡಗಳನ್ನು ನೋಡಿಕೊಳ್ಳುವವಳು. ವಾಸವೂ ಗುಡ್ಡದ ಮೇಲೆಯೇ. ಅಲ್ಲಿ ಮಳೆಗಾಲವೆಂದರೆ ಮೋಡ ಮನೆಯೊಳಗೇ ಬಂದು ಕೂರುವ ಕಾಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಯ ಕ್ಯಾಲೆಂಡರಿಗೂ ಬೂಷ್ಟು. ಪ್ರತಿ ಸೋಮವಾರ ಪೂಜೆ ಮುಗಿಸಿ ಅವ್ವನ ಒಂದು ಪತ್ರ ಓದುವುದು ಚಿಕ್ಕಮ್ಮನ ಪದ್ಧತಿ. ಮೂರು ಮಳೆಗಾಲಗಳಲ್ಲಿ ಐದು ಪತ್ರಗಳು ಹೋದವು. ಎರಡನ್ನು ಹುಳ ತಿಂದಿತು. ಉಳಿದ ಮೂರನ್ನು ಜೋಪಾನವಾಗಿರಲೆಂದು ಅವಳೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದಳು. ಕವರು ಒಳಗೊಳಗೇ ಬೆವೆತು ಮೂರೂ ಅಂಟಿಕೊಂಡು ಮುದ್ದೆಯಾದವು. ಉಳಿದದ್ದು ಒಂಬತ್ತು. ಎಲ್ಲದರ ಫೋಟೋ ತೆಗೆದಿದ್ದೇನೆ, ಹೆದರಬೇಡ ಎಂದು ನಾನು ಫೋನು ತೋರಿಸಿದೆ. ಚಿಕ್ಕಮ್ಮ ಗಾಜಿನ ಮೇಲೆ ಬೆರಳಾಡಿಸಿ, "ಇದ್ರಲ್ಲಿ ಅವ್ವ ಕೈಗೆ ಸಿಗ್ತಾಳೇನೇ?" ಎಂದಳು. ಮುಂದಿನ ಮಳೆಗಾಲದೊಳಗೆ ಆ ಒಂಬತ್ತಕ್ಕೊಂದು ಮರದ ಪೆಟ್ಟಿಗೆ ಮಾಡುವೆನೆಂದು ಅಂದೇ ದಿನಚರಿಯಲ್ಲಿ ಬರೆದುಕೊಂಡೆ.

ನನ್ನ ದಿನಚರಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ತಪ್ಪಿನಲ್ಲಿ ಅದರದ್ದೂ ಪಾಲಿದೆ. ಕಡೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ದಿನಾಂಕವಿಲ್ಲದ ನೆನಪು, ಅಳತೆಯಿಲ್ಲದ ವಸ್ತು ಎರಡನ್ನೂ ನಂಬುವುದಿಲ್ಲ. ಬಸ್ಸು ಎಷ್ಟು ನಿಮಿಷ ತಡವಾಯಿತು, ಹಿತ್ತಲಿನ ದಾಸವಾಳ ಎಷ್ಟು ಹೂ ಬಿಟ್ಟಿತು, ಎಲ್ಲವೂ ಗೆರೆ ಹಾಕಿದ ಹಾಳೆಯಲ್ಲಿ ದಾಖಲು. ನಗಬೇಡಿ. ಬರೆದಿಟ್ಟದ್ದು ಕೈಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆ ನನಗೆ ಬಂದದ್ದು ಅಜ್ಜಿಯಿಂದಲೇ ಇರಬೇಕು.

ಮರ ಮನೆಯಲ್ಲೇ ಇತ್ತು. ಹಿತ್ತಲಿನ ಬೇವು ಬಿರುಗಾಳಿಗೆ ಬಿದ್ದಾಗ ಕೊಯ್ಸಿದ್ದ ಒಂದು ಹಲಗೆ, ವರ್ಷಗಟ್ಟಲೆ ಅಟ್ಟದ ಮೇಲೆ ಒಣಗುತ್ತಾ ಮಲಗಿತ್ತು. ಬೇವೆಂದರೆ ಹುಳಕ್ಕೆ ಆಗದು. ಆದರೆ ಹಲಗೆ ಇದ್ದದ್ದು ಒಂದೇ. ಕೆಟ್ಟರೆ ಇನ್ನೊಂದಿಲ್ಲ. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಸಂಕ್ರಾಂತಿ ಕಳೆದ ಮೊದಲ ಭಾನುವಾರ ತರೀಕೆರೆಯ ಬಸ್ಸು ಹತ್ತಿದೆ.

ತರೀಕೆರೆಯಲ್ಲಿ ಬಾಗಿಲು ಕಿಟಕಿ ಮಾಡುವ ಇಬ್ರಾಹಿಂ ಚಾಚಾ ಶುಕ್ರವಾರ ಬಾಗಿಲು ಹಾಕಿ ಭಾನುವಾರ ಕೆಲಸ ಮಾಡುವವರು. ನನ್ನ ರಜೆಗೆ ಸರಿಹೊಂದಿತು. ಪೆಟ್ಟಿಗೆ ಮಾಡಿಕೊಡಬೇಡಿ, ಮಾಡುವುದನ್ನು ಕಲಿಸಿ ಎಂದಾಗ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಹಲಗೆಯನ್ನು ಗೆಣ್ಣಿನಿಂದ ಬಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು.

"ಪೆಟ್ಗೆ ಇರೋದು ಯಾವೂರಲ್ಲಿ ಟೀಚರಮ್ಮ?"

"ಎಲ್ಲಿದ್ರೇನು ಚಾಚಾ, ಅಳತೆ ತಾನೇ ಮುಖ್ಯ?" ಎಂದು ನಾನು ನಕ್ಷೆಯ ಹಾಳೆಯನ್ನು ಮುಂದೆ ಚಾಚಿದೆ. ಉದ್ದ, ಅಗಲ, ಎತ್ತರ, ಹಲಗೆಯ ದಪ್ಪ, ಮೂಲೆಯ ಹಲ್ಲುಗಳ ಆಳ: ಒಟ್ಟು ನಲವತ್ತೊಂದು ಅಳತೆಗಳು, ಎಲ್ಲವೂ ಮಿಲಿಮೀಟರಿನಲ್ಲಿ.

ಚಾಚಾ ಹಾಳೆಯನ್ನು ದೂರ ಹಿಡಿದು ನೋಡಿ, "ಮರ ನಿಮ್ಮ ಸ್ಕೂಲಿಗೆ ಬಂದಿಲ್ಲಮ್ಮ, ಅದ್ಕೆ ಇದೆಲ್ಲ ಓದಕ್ಕೆ ಬರಲ್ಲ" ಎಂದು ನಕ್ಕರು. ಪ್ರಶ್ನೆ ಅಲ್ಲಿಗೆ ನಿಂತಿತು. ವಿಳಾಸ ವಿಚಾರಿಸುವ ಲೋಕಾರೂಢಿಯ ಮಾತು ಅದು ಎಂದುಕೊಂಡ ನಾನು ಅದನ್ನು ದಿನಚರಿಗೂ ಏರಿಸಲಿಲ್ಲ.

ಹತ್ತು ಭಾನುವಾರಗಳು ಹಿಡಿದವು. ಮೊದಲ ಎರಡು ಬರೀ ಹತ್ತರಿ ಹೊಡೆಯುವುದಕ್ಕೆ ಹೋದವು. ಮರವನ್ನು ಹೆರೆದು ನುಣುಪು ಮಾಡುವ ಆ ಸಾಧನ ನನ್ನ ಕೈಯಲ್ಲಿ ಮೊಂಡು ಕರುವಿನಂತೆ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಮೂರನೆಯ ವಾರ ಅದರ ಬಾಯಿಂದ ಮೊದಲ ಬಾರಿಗೆ ಒಂದೇ ಉದ್ದನೆಯ ಸುರುಳಿ ಹೊರಬಂತು, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ. ಅದನ್ನು ದಿನಚರಿಯ ನಡುವೆ ಇಟ್ಟುಕೊಂಡೆ. ಉಳಿಯಿಂದ ಮೂಲೆಯ ಹಲ್ಲುಗಳನ್ನು ಕೆತ್ತುವುದಕ್ಕೆ ನಾಲ್ಕು ವಾರ. ಎರಡು ಕೈಗಳ ಬೆರಳು ಹೆಣೆದಂತೆ ಹಲಗೆಗೆ ಹಲಗೆ ಕೂರಬೇಕು, ಮೊಳೆ ಹೊಡೆಯುವಂತಿಲ್ಲ. ಬೇವಿನ ಪುಡಿ ಗಾಳಿಯಲ್ಲಿ ಹಾರಿ ಗಂಟಲಿಗಿಳಿದು, ಚಾಚಾನ ಹೆಂಡತಿ ಕೊಟ್ಟ ಚಹಾ ಎಲ್ಲ ಕಹಿ. "ಸಕ್ರೆ ಹಾಕಿಲ್ಲ ಅಂತ ನನ್ನ ಬೈಬೇಡ ಕಣಮ್ಮ, ನಿನ್ನ ಮರಾನೇ ಬೈಕೊ" ಎನ್ನುತ್ತಿದ್ದರು ಆಕೆ. ಬೆರಳು ಕೊಯ್ದುಕೊಂಡದ್ದು ಏಳು ಸಲ. ಹಲ್ಲು ಮುರಿದದ್ದು ಎರಡು, ನನ್ನದಲ್ಲ, ಮರದ್ದು.

ಕೈಯಿಂದ ಒಂದು ವಸ್ತುವನ್ನು ಮಾಡುವಾಗ ಸಿಗುವ ಸುಖ ಯಾವುದೆಂದು ನಾನು ಬಸ್ಸಿನಲ್ಲಿ ಕೂತು ಬಹಳ ಯೋಚಿಸಿದ್ದೇನೆ. ವಾರವಿಡೀ ನಾನು ಮಾಡುವ ಪಾಠ ಎಲ್ಲಿ ಹೋಗಿ ಇಳಿಯಿತು, ಇಳಿಯಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಮರ ಹಾಗಲ್ಲ, ತಪ್ಪಾದ ಕ್ಷಣದಲ್ಲೇ ತಪ್ಪೆಂದು ಹೇಳುತ್ತದೆ. ಸರಿಯಾದರೆ ಆ ಸರಿಯನ್ನು ಕೈಯಲ್ಲಿ ಹಿಡಿದು ಮನೆಗೆ ತರಬಹುದು.

ಯುಗಾದಿಯ ಹೊತ್ತಿಗೆ ಪೆಟ್ಟಿಗೆ ಮುಗಿಯಿತು. ಮುಚ್ಚಳವೊಂದನ್ನು ಮಾತ್ರ ಅಜ್ಜಂಪುರದ ನಮ್ಮ ಜಗಲಿಯಲ್ಲೇ ಕೂತು, ಶಾಲೆಯಿಂದ ತಂದ ವರ್ನಿಯರ್ ಕ್ಯಾಲಿಪರ್ ಹಿಡಿದು ನಾನೊಬ್ಬಳೇ ಮಾಡಿದೆ. ಎರಡು ಬದಿಗೆ ಉದ್ದಕ್ಕೂ ಕೊರೆದ ಸಣ್ಣ ಕಾಲುವೆಗಳೊಳಗೆ, ಚಾಚಾನ ಮಾತಿನಲ್ಲಿ ಗಾಡಿಗಳೊಳಗೆ, ಜಾರಿ ಮುಚ್ಚುವ ಒಂದೇ ಹಲಗೆ. ಕೂದಲು ತೂರದಷ್ಟು ಬಿಗಿ. ನೂಕಿದರೆ ಒಳಗಿನ ಗಾಳಿ ಉಸ್ಸೆಂದು ಹೊರಬಿದ್ದು ಮುಚ್ಚಿಕೊಳ್ಳುತ್ತಿತ್ತು. ಆ ಸದ್ದಿಗಾಗಿ ಎಷ್ಟು ಸಲ ತೆಗೆದು ಮುಚ್ಚಿದೆನೋ! ಏಪ್ರಿಲಿನ ಒಣ ದಿನವೊಂದರಲ್ಲಿ ಗುಡ್ಡಕ್ಕೆ ಒಯ್ದು ಕೊಟ್ಟೆ. ಚಿಕ್ಕಮ್ಮ ಒಂಬತ್ತು ಪತ್ರಗಳನ್ನು ಒಂದೊಂದಾಗಿ ಒಳಗಿಟ್ಟು, ಮುಚ್ಚಿ, ಕಣ್ಣಿಗೊತ್ತಿಕೊಂಡಳು.

ಜೂನ್ ತಿಂಗಳು, ಗುಡ್ಡಕ್ಕೆ ಮಳೆ ಹಿಡಿದು ಎರಡು ವಾರವಾಗಿತ್ತು. ಸೋಮವಾರ ಬೆಳಿಗ್ಗೆ ಫೋನು ಬಂತು.

"ಲೇ, ನಿನ್ನ ಪೆಟ್ಗೆ ಬಾಯೇ ಬಿಡ್ತಿಲ್ಲ ಕಣೇ."

"ಸ್ವಲ್ಪ ಜೋರಾಗಿ ಎಳೀ ಚಿಕ್ಕಮ್ಮ."

"ನಾನೂ ಎಳ್ದೆ, ರಂಗಪ್ಪನೂ ಎಳ್ದ. ಅವ್ವನ ಒಳಗೆ ಹಾಕಿ ಬೀಗ ಜಡ್ದಂಗಾಯ್ತಲ್ಲೇ! ಒಳಗೆ ನೀರು ಹೋಗಿ ಕೊಳೀತಿದ್ರೆ ಏನ್ ಮಾಡ್ಲಿ?"

ಭಾನುವಾರ ನಾನು ಗುಡ್ಡ ಹತ್ತಿದಾಗ ಪಕ್ಕದ ಮನೆಯ ರಂಗಪ್ಪ, ಚಿಕ್ಕಮ್ಮನ ಜೊತೆ ತೋಟದಲ್ಲೇ ದುಡಿಯುವವನು, ಮಚ್ಚು ಹಿಡಿದು ಬಾಗಿಲಲ್ಲಿ ನಿಂತಿದ್ದ. "ಒಂದೇ ಏಟು ಟೀಚರ್. ನೀವು ಹೂಂ ಅಂದ್ರೆ ಕಾಯಿ ಒಡ್ದಂಗೆ ಒಡ್ದುಬಿಡ್ತೀನಿ." ಮುಚ್ಚಳವನ್ನು ಮುಟ್ಟಿ ನೋಡಿದೆ. ಹತ್ತು ಭಾನುವಾರಗಳ ನನ್ನ ಹೆಮ್ಮೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಒಡೆದರೆ ಮಚ್ಚಿನ ಅಲಗು ಪತ್ರಗಳ ಮೇಲೇ ಇಳಿಯಬಹುದು. ಒಡೆಯದಿದ್ದರೆ ಅವು ಒಳಗೇ ಬೂಷ್ಟು ಹಿಡಿಯುತ್ತಿರಬಹುದು. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ನಾಳೆಯೊಳಗೆ ಚಾಚಾ ಹತ್ರ ತೋರಿಸ್ತೀನಿ" ಎಂದು ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅದೇ ದಿನ ಇಳಿದೆ.

ಚಾಚಾ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ತೂಕ ನೋಡಿದರು. "ನೀರು ಕುಡಿದಿದೆ. ಎಲ್ಲಿತ್ತು ಇದು?"

"ಕೆಮ್ಮಣ್ಣುಗುಂಡೀಲಿ."

ಅವರು ಪೆಟ್ಟಿಗೆಯನ್ನು ಕೆಳಗಿಟ್ಟರು. "ಅದ್ನೇ ತಾನಮ್ಮ ನಾನು ಮೊದಲ್ನೇ ದಿನ ಕೇಳಿದ್ದು? ಬಾಗ್ಲು ಮಾಡ್ಸೋಕೆ ಯಾರೇ ಬರ್ಲಿ, ಅಳತೆಗಿಂತ ಮುಂಚೆ ನಾನು ಊರು ಕೇಳ್ತೀನಿ. ಅಜ್ಜಂಪುರದ ಬಾಗ್ಲು ಬೇರೆ, ಗುಡ್ಡದ ಬಾಗ್ಲು ಬೇರೆ. ಎಲ್ಲಿದ್ರೇನು ಅಂದ್ರಲ್ಲ ತಾವು!"

ನಲವತ್ತೊಂದು ಅಳತೆ ಬರೆದುಕೊಂಡವಳು ಊರಿನ ಹೆಸರನ್ನು ಬರೆದುಕೊಂಡಿರಲಿಲ್ಲ. ಶಾಖಕ್ಕೆ ಲೋಹ ಹಿಗ್ಗುವುದನ್ನು ವರ್ಷಾವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ನನಗೆ, ನೀರಿಗೆ ಮರ ಹಿಗ್ಗುತ್ತದೆಂಬುದು ಹೊಳೆಯಲಿಲ್ಲ. ಬಯಲುಸೀಮೆಯ ಬಿಸಿಲಲ್ಲಿ ಅಳೆದದ್ದನ್ನು ಮೋಡದ ಬಾಯಿಗೆ ಕೊಟ್ಟುಬಂದಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಗಿಯುವ ದಾರಿ ಇದು. ಆದರೂ ಒಂದು ತುದಿಯಲ್ಲಿ ಹಪ್ಪಳ ಒಣಗುತ್ತದೆ, ಇನ್ನೊಂದು ತುದಿಯಲ್ಲಿ ಉಪ್ಪು ಕರಗುತ್ತದೆ.

"ಒಡೀಬೇಕಾ ಚಾಚಾ?"

"ಒಡೆಯೋಕೆ ಏನಾಗಿದೆ? ಕುಡಿದೋರಿಗೆ ಇಳಿಯೋವರ್ಗೂ ಕಾಯ್ಬೇಕು ಅಷ್ಟೆ. ನಿಮ್ಮೂರಿಗೆ ತಗೊಂಡೋಗಿ ನೆರಳಲ್ಲಿ, ಗಾಳಿ ಆಡೋ ಕಡೆ ಇಡಿ. ಬಿಸಿಲಿಗೆ ಮಾತ್ರ ಇಡ್ಬೇಡಿ, ಸೀಳ್ಕೊಳ್ಳತ್ತೆ."

ಅಜ್ಜಂಪುರದಲ್ಲಿ ಆಗ ಮಳೆಗಿಂತ ಗಾಳಿಯೇ ಹೆಚ್ಚು. ಜಗಲಿಯ ಕಂಬದ ಪಕ್ಕ ಸ್ಟೂಲಿನ ಮೇಲೆ ಪೆಟ್ಟಿಗೆ ಕೂತಿತು. ಶಾಲೆಯ ಪ್ರಯೋಗಾಲಯದಿಂದ ತಕ್ಕಡಿಯೊಂದನ್ನು ಕೇಳಿ ತಂದೆ. ದಿನವೂ ಬೆಳಿಗ್ಗೆ ತೂಗುವುದು, ಮುಚ್ಚಳವನ್ನು ಒಂದೇ ಸಲ ಮೆಲ್ಲನೆ ನೂಕಿ ನೋಡುವುದು, ಬರೆಯುವುದು. ಎರಡನೆಯ ದಿನ: ಆರು ಗ್ರಾಂ ಕಡಿಮೆ, ಅಲುಗಲಿಲ್ಲ. ಐದನೆಯ ದಿನ: ಒಟ್ಟು ಇಪ್ಪತ್ತಮೂರು, ಅಲುಗಲಿಲ್ಲ. ದಿನವೂ ಚಿಕ್ಕಮ್ಮನ ಫೋನು. "ಏನಾಯ್ತೇ?" "ಇಳೀತಿದೆ ಚಿಕ್ಕಮ್ಮ." "ಪತ್ರ?" ತಕ್ಕಡಿ ನೀರನ್ನು ತೋರಿಸುತ್ತಿತ್ತು, ಬೂಷ್ಟನ್ನಲ್ಲ. ಏಳನೆಯ ದಿನ ಅವಳು ಫೋನನ್ನು ಕಿಟಕಿಯಾಚೆ ಹಿಡಿದು ಮಳೆ ಸುರಿಯುವ ಸದ್ದನ್ನು ಕೇಳಿಸಿದಳು.

ಒಂಬತ್ತನೆಯ ದಿನ, ಸೋಮವಾರ, ಒಟ್ಟು ನಲವತ್ತು ಗ್ರಾಂ ಇಳಿದಿತ್ತು. ಹೆಬ್ಬೆರಳಿಟ್ಟು ನೂಕಿದೆ. ಮುಚ್ಚಳ ಒಂದು ಭತ್ತದ ಕಾಳಿನಷ್ಟು ಸರಿಯಿತು. ಮತ್ತೆ ನೂಕಿದೆ, ಬೆರಳಗಲ ಬಂತು. ಒಳಗಿನಿಂದ ಬೇವಿನ ಒಣ ಕಹಿ ವಾಸನೆ ಮೂಗಿಗೆ ಬಡಿಯಿತು. ಬೂಷ್ಟಿನ ವಾಸನೆಯಲ್ಲ! ಒಂದೊಂದೇ ತೆಗೆದು ಎಣಿಸಿದೆ. ಒಂಬತ್ತಕ್ಕೆ ಒಂಬತ್ತೂ ಗರಿಗರಿಯಾಗಿದ್ದವು. ಉಬ್ಬಿದ ಮುಚ್ಚಳ ಚಿಕ್ಕಮ್ಮನನ್ನು ಹೊರಗಿಟ್ಟದ್ದು ನಿಜ, ಆದರೆ ಅಷ್ಟೇ ಹಟದಿಂದ ಮಳೆಯನ್ನೂ ಹೊರಗಿಟ್ಟಿತ್ತು. ನಾನು ಜಗಲಿಯಲ್ಲಿ ಕೂಗಿದ ಕೂಗಿಗೆ ಅಮ್ಮ ಸಾರಿನ ಸೌಟು ಹಿಡಿದೇ ಓಡಿಬಂದರು. ಚಿಕ್ಕಮ್ಮ ಮಾತ್ರ ಫೋನಿನಲ್ಲಿ, "ಎಣಿಸಿದ್ದು ಸಾಕು, ನೀನು ಓದ್ಬೇಡ, ಮುಚ್ಚು" ಎಂದು ಗದರಿ, ಆಮೇಲೆ ಅತ್ತಳು.

ಮುಂದಿನ ಎರಡು ಭಾನುವಾರ ತರೀಕೆರೆಯಲ್ಲಿ ಹೊಸ ಮುಚ್ಚಳಕ್ಕೆ; ಮರ ಮಾತ್ರ ಹಳೆಯ ಮುಚ್ಚಳದ್ದೇ, ಜೊತೆಗೆ ಬೇವಿನ ಹಲಗೆಯಲ್ಲಿ ಉಳಿದಿದ್ದ ತುಂಡುಗಳು. ಈ ಸಲ ಚಾಚಾ ತಮ್ಮ ಬಾಗಿಲುಗಳ ಗುಟ್ಟನ್ನೇ ಬಿಟ್ಟುಕೊಟ್ಟರು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಆದ್ದರಿಂದ ನಾಲ್ಕು ಪಟ್ಟಿಗಳ ಒಂದು ಚೌಕಟ್ಟು; ಅದರ ಗಾಡಿಯೊಳಗೆ ನಡುವಿನ ಹಲಗೆ. ಹಲಗೆಗೆ ಅಂಟಿಲ್ಲ, ಮೊಳೆಯಿಲ್ಲ, ಎರಡು ಬದಿಗೂ ಬೆಂಕಿಕಡ್ಡಿಯಷ್ಟು ಖಾಲಿ ಜಾಗ. ಮಳೆಯಲ್ಲಿ ಅದು ಒಳಗೊಳಗೇ ಹಿಗ್ಗಲಿ, ಬೇಸಿಗೆಯಲ್ಲಿ ಕುಗ್ಗಲಿ, ಚೌಕಟ್ಟು ಕದಲದು. ಡಬ್ಬಿಯ ಮುಚ್ಚಳದಂತೆ ಅಂಚು ಕೆಳಗಿಳಿದು ಪೆಟ್ಟಿಗೆಯ ಬಾಯನ್ನು ಹೊರಗಿನಿಂದ ಅಪ್ಪಿಕೊಳ್ಳುತ್ತದೆ. ಅಳತೆಗಳ ಪಟ್ಟಿಯಲ್ಲಿ ಆ ಖಾಲಿ ಜಾಗವನ್ನು ನಾನು ನಲವತ್ತೆರಡನೆಯದಾಗಿ ಬರೆದೆ. ಮರ ಇಲ್ಲದ ಕಡೆಯನ್ನೂ ಅಳೆಯಬೇಕೆಂದು ನನಗೆ ಗೊತ್ತಾದದ್ದು ಆಗ. ಜೋಪಾನ ಮಾಡುವುದೆಂದರೆ ಬಿಗಿಯಾಗಿ ಹಿಡಿಯುವುದು ಎಂದುಕೊಂಡಿದ್ದೆ. ಹಿಡಿದದ್ದು ಉಸಿರಾಡುತ್ತದೆ, ಋತುವಿಗೆ ತಕ್ಕಂತೆ ಮೈ ಬದಲಿಸುತ್ತದೆ ಎಂಬುದನ್ನು ಒಪ್ಪಿಕೊಂಡು ಕೆಲಸ ಮಾಡಿದರೆ ಮಾತ್ರ ಅದು ಉಳಿಯುತ್ತದೆ. ಮಕ್ಕಳಿಗೆ ಪಾಠ ಮಾಡುವಾಗಲೂ ಈಗೀಗ ಈ ಮಾತು ನೆನಪಾಗಿ, ಪ್ರಶ್ನೆ ಕೇಳಿ, ಉತ್ತರ ಅವರಿಂದಲೇ ಬರಲೆಂದು ಕಾಯುತ್ತೇನೆ.

ಪೆಟ್ಟಿಗೆ ಗುಡ್ಡಕ್ಕೆ ಮರಳಿತು. ಆಮೇಲೆ ಆರು ವಾರ ಎಡೆಬಿಡದ ಮಳೆ. ಹೇಗಿದೆ ಎಂದು ಕೇಳಿದಾಗಲೆಲ್ಲ ಚಿಕ್ಕಮ್ಮ, "ಫೋನಲ್ಲೆಲ್ಲ ಹೇಳಕ್ಕಾಗಲ್ಲ, ಬಂದ್ ನೋಡು" ಎನ್ನುತ್ತಿದ್ದಳು. ಶ್ರಾವಣದ ಒಂದು ಸೋಮವಾರ ರಜೆ ಹಾಕಿ ಹೋದೆ. ಮುಂದಿನ ಮನುಷ್ಯ ಕಾಣದಷ್ಟು ಮೋಡ. ತೋಟದಿಂದ ಆಗಷ್ಟೇ ಬಂದಿದ್ದ ಚಿಕ್ಕಮ್ಮ ಕೈ ಒರೆಸಿಕೊಂಡು, ಪೂಜೆಯ ಗೂಡಿನಿಂದ ಪೆಟ್ಟಿಗೆಯನ್ನಿಳಿಸಿ ನನ್ನ ಮುಂದಿಟ್ಟಳು. ಬಾಗಿಲಲ್ಲಿ ರಂಗಪ್ಪನೂ ನಿಂತಿದ್ದ, ಈ ಸಲ ಬರಿಗೈಯಲ್ಲಿ.

ಒಂದು ಬೆರಳು. ಒಂದೇ ಒಂದು ಬೆರಳನ್ನು ಅಂಚಿಗೆ ಕೊಟ್ಟು ಎತ್ತಿದಳು. ಮುಚ್ಚಳ ಹೂವಿನಂತೆ ಎದ್ದು ಬಂತು!

"ಆರು ವಾರದಿಂದ ಇವ್ಳು ಬೀದಿಯವ್ರಿಗೆಲ್ಲ ಇದ್ನೇ ತೋರಿಸ್ತಿದಾಳೆ ಟೀಚರ್" ಎಂದ ರಂಗಪ್ಪ. "ತೆಗೆಯೋದು, ಮುಚ್ಚೋದು. ಪೆಟ್ಗೆ ಗಟ್ಟಿ, ನಮ್ಮ ಕಿವೀನೇ ಸವೆದೋಯ್ತು."

"ನೀನು ಮಚ್ಚು ತಂದೋನು, ಸುಮ್ಕಿರು" ಎಂದು ಚಿಕ್ಕಮ್ಮ ಪತ್ರಗಳನ್ನು ನನ್ನ ಕೈಗೆ ಕೊಟ್ಟಳು. ಎಣಿಸಿದೆ. ಒಂಬತ್ತು. ಒಣಗಿದ್ದವು. ದಿನಚರಿ ಬ್ಯಾಗಿನಲ್ಲಿತ್ತು, ಅದನ್ನು ತೆಗೆದು, ನಿಂತಲ್ಲೇ, ದಿನಾಂಕ ಹಾಕಿ, "ಒಂಬತ್ತು" ಎಂದು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಷ್ಟು ಹೆಮ್ಮೆಯ ಅಂಕಿಯನ್ನು ನಾನು ಇನ್ನೊಮ್ಮೆ ಬರೆದಿಲ್ಲ.

ಚಿಕ್ಕಮ್ಮ ಒಂದು ಪತ್ರವನ್ನು ಆರಿಸಿಕೊಂಡು, ಹಿಂಬದಿಯನ್ನು ಬೆರಳಿನಿಂದ ಸವರುತ್ತಾ ಗಟ್ಟಿಯಾಗಿ ಓದತೊಡಗಿದಳು. "ಅಲ್ಲಿ ಮಳೆ ಜಾಸ್ತಿ ಅಂತ ಕೇಳಿದೆ. ಕೆಲಸದಿಂದ ಬಂದ ತಕ್ಷಣ ತಲೆ ಒರೆಸಿಕೊ. ಒದ್ದೆ ಸೀರೆಯಲ್ಲಿ ನಿಲ್ಲಬೇಡ ಮಗಾ."

ಓದುತ್ತಿದ್ದವಳು ತಡೆದು ತನ್ನನ್ನು ನೋಡಿಕೊಂಡಳು. ಸೀರೆಯ ಅಂಚಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಹೂಂ ಕಣವ್ವ, ಬಂದೆ ತಾಳು" ಎಂದು ಪತ್ರವನ್ನು ಒಳಗಿಟ್ಟು, ಪೆಟ್ಟಿಗೆ ಮುಚ್ಚಿ, ಸೀರೆ ಬದಲಿಸಲು ಒಳಗೆ ಹೋದಳು.